ಒಲೆತಟ್ಟೆ ಅಲಮೇಲು

ಹ್ಯೂಸ್ಟನ್ನಿನ ಕನ್ನಡಿಗರಲ್ಲಿ ಅಲಮೇಲು ಎಂಬ ಹೆಸರಿನವರು ಇಬ್ಬರಿದ್ದಾರೆ. ಒಬ್ಬರು ಶುಗರ್ ಲ್ಯಾಂಡಿನಲ್ಲಿರುವ ಹೃದಯದ ಡಾಕ್ಟರು. ಇನ್ನೊಬ್ಬಳು ನಮ್ಮ ಒಲೆತಟ್ಟೆ ಅಲಮೇಲು. ಡಾಕ್ಟರು ಬೇಜಾರು ಮಾಡಿಕೊಳ್ಳಬಾರದು, ಆದರೆ ಇಬ್ಬರಲ್ಲಿ ಹೆಸರುವಾಸಿ ಎರಡನೆಯವಳೇ.

ದೊಡ್ಡ ಮನೆಗಳಲ್ಲಿ ಈಗ ಗಾಜಿನ ಒಲೆಗಳು ಬಂದಿವೆ. ಹಳೆಯ ಅಪಾರ್ಟ್‌ಮೆಂಟುಗಳಲ್ಲಿ ಮಾತ್ರ ಇನ್ನೂ ಕರೆಂಟಿನ ಕಾಯಿಲ್ ಒಲೆಯೇ. ಚಕ್ಕುಲಿಯ ಹಾಗೆ ಸುತ್ತಿದ ಕಾಯಿಲ್, ಅದರ ಕೆಳಗೆ ನಡುವೆ ತೂತಿರುವ ಒಂದು ಹೊಳೆಯುವ ತಟ್ಟೆ. ಉಕ್ಕಿದ್ದು, ಚೆಲ್ಲಿದ್ದು, ಸಿಡಿದದ್ದು ಎಲ್ಲ ಬೀಳುವುದು ಆ ತಟ್ಟೆಗೆ. ಅಂಗಡಿಯವರು ಡ್ರಿಪ್ ಪ್ಯಾನ್ ಎನ್ನುತ್ತಾರೆ, ಅಲಮೇಲು ಒಲೆತಟ್ಟೆ ಎನ್ನುತ್ತಾಳೆ. ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ, ಒಲೆ-ಫ್ರಿಜ್ಜುಗಳ ಬಿಡಿಭಾಗಗಳ ಸಾಲಿನಲ್ಲಿ ಅವಳಿಗೆ ಹದಿನೇಳು ವರ್ಷದ ಕೆಲಸ. ಮೈಸೂರಿನಿಂದ ಹೊಸದಾಗಿ ಬಂದ ಹುಡುಗರು ತಟ್ಟೆ ಕೇಳಿಕೊಂಡು ಬಂದರೆ ಮೊದಲು ಪಾಠ, ಆಮೇಲೆ ತಟ್ಟೆ.

"ಹಳೇ ತಟ್ಟೆ ತಂದಿದೀರಾ? ಇಲ್ವಾ? ಹಾಗಾದ್ರೆ ವಾಪಸ್ ಹೋಗಿ ತಗೊಂಡ್ ಬನ್ನಿ. ಎಲ್ಲಾ ಒಲೆಗೂ ಒಂದೇ ತಟ್ಟೆ ಕೂರಲ್ಲ. ಮತ್ತೆ ಅದರ ಮೇಲೆ ಫಾಯಿಲ್ ಹಾಸೋ ಬುದ್ಧಿವಂತಿಕೆ ಬೇಡ. ಚೆಲ್ಲಿದ ದಿನಾನೇ ತೊಳೀರಿ. ಬಿಸಿ ನೀರು, ಅಡುಗೆ ಸೋಡಾ, ಅರ್ಧ ಗಂಟೆ ನೆನೆಸಿ. ಅಷ್ಟಾದ್ರೂ ಕಪ್ಪು ಬಿಡಲಿಲ್ವಾ, ಬದಲಾಯಿಸಿ. ಉಜ್ಜಿ ಉಜ್ಜಿ ಕೈ ಸವೆಸ್ಕೋಬೇಡಿ."

ಇಷ್ಟು ಹೇಳಿ, ಕೊನೆಗೆ ತನ್ನ ಮನೆಯ ಮಾತು ತೆಗೆಯದೆ ಬಿಡುತ್ತಿರಲಿಲ್ಲ. ಇಪ್ಪತ್ತೊಂದು ವರ್ಷದಿಂದ ಒಂದೇ ಅಪಾರ್ಟ್‌ಮೆಂಟ್, ಒಂದೇ ಒಲೆ, ಅವೇ ನಾಲ್ಕು ತಟ್ಟೆ. ಒಂದು ತೊಟ್ಟು ಹಾಲು ಅವುಗಳ ಮೇಲೆ ಬಿದ್ದಿಲ್ಲ. ಕುಂಕುಮ ನೆಟ್ಟಗಿದೆಯೋ ಇಲ್ಲವೋ ಎಂದು ಅವಳು ನೋಡಿಕೊಳ್ಳುವುದೇ ಅವುಗಳ ಹೊಳಪಿನಲ್ಲಿ. ಪಕ್ಕದಲ್ಲಿ ಗಂಡ ಬದರಿನಾಥ ಇದ್ದರೆ ಹೌದೌದು ಎಂದು ತಲೆಯಾಡಿಸುತ್ತಿದ್ದ. ಎನರ್ಜಿ ಕಾರಿಡಾರ್ ಎಂಬ ತೈಲ ಕಂಪನಿಗಳ ಬಡಾವಣೆಯ ಆಫೀಸಿನಿಂದ ನಿವೃತ್ತನಾದ ಮೇಲೆ ಅವನಿಗೂ ತಲೆಯಾಡಿಸಲು ಬೇಕಾದಷ್ಟು ಪುರುಸೊತ್ತು.

ಹಾಲು ಬೀಳದಿರುವುದಕ್ಕೆ ಕಾರಣ ಅವಳ ಬಲಗೈ. ಕಾಯಿಲ್ ಒಲೆ ಗ್ಯಾಸಿನ ಹಾಗಲ್ಲ. ಆರಿಸಿದರೂ ಅದರ ಕೋಪ ಇಳಿಯಲು ಐದು ನಿಮಿಷ ಬೇಕು. ಹಾಲು ಮೇಲೇಳುವಾಗ ಪಾತ್ರೆಯನ್ನೇ ಎತ್ತಬೇಕು. ಅಲಮೇಲು ಫೋನಿನಲ್ಲಿರಲಿ, ಬಾಗಿಲಲ್ಲಿರಲಿ, ಹಾಲು ಅಂಚಿಗೆ ಬರುವ ಹೊತ್ತಿಗೆ ಅವಳ ಕೈ ಪಾತ್ರೆಯ ಮೇಲೆ. ಕೈಗೆ ಯಾರೂ ಹೇಳಬೇಕಾಗಿಯೇ ಇರಲಿಲ್ಲ.

ಆ ಕೈಯೇ ಹೋದ ವರ್ಷ ಪ್ಲೇನೋ ಊರಿನಲ್ಲಿ ಅವಳ ಮಾನ ಕಳೆಯಿತು. ಲಿಂಗರಾಜು ಎಂಬ ಪರಿಚಯದವರ ಮನೆಯ ಗೃಹಪ್ರವೇಶ. ಹಿರಿಯ ಮುತ್ತೈದೆ ಎಂದು ಹಾಲು ಉಕ್ಕಿಸುವ ಕೆಲಸ ಅಲಮೇಲುವಿನ ಪಾಲಿಗೆ ಬಂತು. ಅರವತ್ತು ಜನ ಸುತ್ತ ನಿಂತಿದ್ದರು. ಹಾಲು ಏರಿತು, ಏರಿತು, ಅಂಚಿಗೆ ಬಂತು, ಅಲಮೇಲು ಟಪಕ್ಕನೆ ಪಾತ್ರೆ ಎತ್ತಿಬಿಟ್ಟಳು. ಎಲ್ಲರೂ ನಕ್ಕರು. ಇನ್ನೊಮ್ಮೆ ಇಟ್ಟರು, ಇನ್ನೊಮ್ಮೆ ಎತ್ತಿದಳು. ಮೂರನೆಯ ಸಲಕ್ಕೆ ಯಾರೂ ನಗಲಿಲ್ಲ. ಹಾಲು ತಳ ಹಿಡಿದು, ಉಕ್ಕುವ ಬದಲು ಸೀದುಹೋಯಿತು. ಮನೆಯೊಡತಿಯ ಮುಖ ಸಪ್ಪಗಾಯಿತು. ಅಲಮೇಲು ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿಟ್ಟು ಅತ್ತಳು. ಅಂದಿನಿಂದ ಗೃಹಪ್ರವೇಶಗಳಿಗೆ ಅವಳನ್ನು ಊಟಕ್ಕೆ ಕರೆಯುತ್ತಿದ್ದರು, ಒಲೆಯ ಹತ್ತಿರಕ್ಕಲ್ಲ.

ಹೀಗಿರುವಾಗ ಆಸ್ಟಿನ್ನಿನಿಂದ ಸುಪ್ರಜಾಳ ಫೋನು ಬಂತು. ಸುಪ್ರಜಾ ಅಲಮೇಲುವಿನ ಹಳೆಯ ಪಕ್ಕದ ಮನೆಯವಳು. ಮದುವೆ ಮುರಿದು, ಒಬ್ಬಳೇ ಆಸ್ಟಿನ್ನಿಗೆ ಶಿಫ್ಟ್ ಆಗಿ ಮೂರು ವಾರವಾಗಿತ್ತು.

"ಆಂಟಿ, ಹಾಲು ಉಕ್ಕಿಸೋಕೆ ನೀವೇ ಬರ್ಬೇಕು."

"ಪ್ಲೇನೋ ಕಥೆ ನಿನಗೆ ಗೊತ್ತಿಲ್ವೇನೆ?"

"ಗೊತ್ತು. ಇಬ್ಬರು ಆಂಟಿಯರನ್ನ ಕೇಳಿದೆ. ಬಾಡಿಗೆ ಮನೆ, ಅದರಲ್ಲೂ ಒಬ್ಬಳೇ, ಇದಕ್ಕೆಲ್ಲ ಯಾಕಮ್ಮ ಹಾಲು ಉಕ್ಕಿಸೋದು ಅಂದ್ರು." ದನಿ ತಗ್ಗಿಸಿ ಮುಂದುವರಿಸಿದಳು. "ಇಲ್ಲಿ ನನಗಿನ್ನೂ ಸರಿಯಾಗಿ ನಿದ್ದೇನೇ ಬರ್ತಿಲ್ಲ ಆಂಟಿ. ಯಾರದೋ ಮನೇಲಿ ಇದ್ದ ಹಾಗಿದೆ."

ಅಲಮೇಲುವಿಗೆ ಆ ಇಬ್ಬರು ಆಂಟಿಯರ ಮೇಲೆ ಎಂಥ ಸಿಟ್ಟು ಬಂತೆಂದರೆ, ಬರುತ್ತೇನೆ ಎಂಬ ಮಾತನ್ನೂ ಅವರನ್ನು ಗದರಿಸುವ ಧಾಟಿಯಲ್ಲೇ ಇವಳಿಗೆ ಹೇಳಿದಳು. ಫೋನು ಇಟ್ಟ ಮೇಲೆ ಯೋಚನೆ ಹತ್ತಿತು. ಶ್ರೀಮಂತರ ಮನೆಯಲ್ಲಿ ಉಕ್ಕದಿದ್ದರೆ ಅದೊಂದು ನಗೆಪಾಟಲು. ಈ ಹುಡುಗಿಯ ಮನೆಯಲ್ಲಿ ಉಕ್ಕದೇ ಹೋದರೆ?

ಶನಿವಾರ ಬೆಳಿಗ್ಗೆ ಬದರಿನಾಥ ಕಾರು ಓಡಿಸಿದ. ದಾರಿಯುದ್ದಕ್ಕೂ ಅಲಮೇಲು ಬಲಗೈಯನ್ನು ತೊಡೆಯ ಕೆಳಗಿಟ್ಟುಕೊಂಡು ಅಭ್ಯಾಸ ಮಾಡಿದಳು. "ಹಾಲು ಏರ್ತಿದೆ ಅನ್ನಿ," ಎನ್ನುವುದು. ಅವನು ಹಾಗೆಯೇ ಅನ್ನುವುದು. ಕೈ ತೊಡೆಯ ಕೆಳಗೆ ಮಿಸುಕಾಡುವುದು. ಆಸ್ಟಿನ್ ಮುಟ್ಟುವಷ್ಟರಲ್ಲಿ ಕೈ ಜೋಮು ಹಿಡಿದು ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಸುಪ್ರಜಾಳ ಒಲೆಯನ್ನು ನೋಡಿದ್ದೇ ಅಲಮೇಲುವಿಗೆ ಹುರುಪು ಬಂದುಬಿಟ್ಟಿತು. ಹಿಂದಿನ ಬಾಡಿಗೆಯವರು ಏನೇನು ಬೇಯಿಸಿದ್ದರೋ, ತಟ್ಟೆಗಳು ಕಾವಲಿಯ ತಳದಷ್ಟು ಕಪ್ಪು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಒಲೆ ಪೂರ್ತಿ ತಣ್ಣಗಿದೆಯೇ ಎಂದು ಮುಟ್ಟಿ ನೋಡಿ, ಕಾಯಿಲಿನ ಮುಂಭಾಗವನ್ನು ಕೊಂಚ ಎತ್ತಿ, ನೇರಕ್ಕೆ ಎಳೆದಳು. ಅದು ಪ್ಲಗ್ಗಿನ ಹಾಗೆ ಕಳಚಿ ಬಂತು. ಹಳೆಯ ತಟ್ಟೆ ತೆಗೆದು ಕೆಳಗೆ ಬಿದ್ದಿದ್ದ ಸಾಸಿವೆ, ಅಕ್ಕಿಕಾಳುಗಳನ್ನೆಲ್ಲ ಒರೆಸಿದಳು.

"ನಿನ್ನ ಒಲೆಗೆ ಒಂದೇ ದೊಡ್ಡದು, ಮೂರು ಚಿಕ್ಕದು. ಫೋಟೋ ಕಳಿಸು ಅಂದಿದ್ದು ಇದಕ್ಕೇ. ಇಲ್ಲಿ ನೋಡು, ತಟ್ಟೆ ಪಕ್ಕದಲ್ಲಿರೋ ಈ ತೂತು ಕಾಯಿಲ್ ಚುಚ್ಚೋ ಜಾಗಕ್ಕೆ ಸರಿಯಾಗಿ ಬರ್ಬೇಕು. ಆಮೇಲೆ ಕಾಯಿಲ್ ಒತ್ತು. ಅಲ್ಲಾಡಬಾರದು. ಓರೆಯಾಗಿದ್ರೆ ಪಾತ್ರೆಯೂ ಓರೆ, ದೋಸೆಯೂ ಓರೆ."

ಹ್ಯೂಸ್ಟನ್ನಿನಿಂದ ತಂದಿದ್ದ ನಾಲ್ಕೂ ಹೊಸ ತಟ್ಟೆಗಳು ಕುಳಿತಾಗ ಆ ಪುಟ್ಟ ಅಡುಗೆಮನೆಗೇ ಕಳೆ ಬಂತು. ಸುಪ್ರಜಾ ಬಗ್ಗಿ ಅದರಲ್ಲಿ ತನ್ನ ಮುಖ ನೋಡಿಕೊಂಡು, ಮೂಗು ದಪ್ಪ ಕಾಣುತ್ತದೆ ಎಂದಳು.

ಒಳ್ಳೆಯ ಹೊತ್ತು ಮುಗಿಯಲು ಇಪ್ಪತ್ತು ನಿಮಿಷವಿತ್ತು. ಅಲಮೇಲು ಪಾತ್ರೆಗೆ ಅರಿಶಿನ ಕುಂಕುಮ ಹಚ್ಚಿ, ಕಂಠದವರೆಗೆ ಹಾಲು ಸುರಿದು ಒಲೆಯ ಮೇಲಿಟ್ಟಳು. ಹಾಲಿನ ಅಂಚಿನಲ್ಲಿ ಗುಳ್ಳೆ ಮೂಡುತ್ತಲೇ ಅಲಮೇಲುವಿನ ಬಲಗೈ ಎದ್ದಿತು.

"ಹಿಡ್ಕೊಳ್ಳೇ ಇದನ್ನ."

ಸುಪ್ರಜಾ ಬಲಗೈ ಹಿಡಿದಳು. ಎಡಗೈಯನ್ನೂ ನಂಬುವಂತಿಲ್ಲ ಎಂದು ಬದರಿನಾಥ ಅದನ್ನು ಹಿಡಿದ. ಕಳ್ಳಿಯನ್ನು ಸ್ಟೇಷನ್ನಿಗೆ ಒಯ್ಯುವವರ ಹಾಗೆ ಇಬ್ಬರೂ ಎರಡು ಪಕ್ಕ ನಿಂತರು. ಹಾಲು ಉಬ್ಬಿತು, ಅಂಚಿಗೆ ಬಂತು. ಅಲಮೇಲು ಬಗ್ಗಿ ಉಫ್ ಎಂದು ಊದಿಬಿಟ್ಟಳು. ಹಾಲು ಸರಕ್ಕನೆ ಕೆಳಗಿಳಿಯಿತು.

"ಆಂಟಿ," ಎಂದಳು ಸುಪ್ರಜಾ. ಅವಳಿಗೆ ನಗು, ಕಣ್ಣಲ್ಲಿ ಮಾತ್ರ ನೀರು ತುಂಬುತ್ತಿತ್ತು. ಇನ್ನು ಊದಬಾರದೆಂದು ಅಲಮೇಲು ತುಟಿ ಬಿಗಿದಳು. ಬಾಯಿ ಮುಚ್ಚಿಕೊಳ್ಳೋಣವೆಂದರೆ ಕೈಗಳೆರಡೂ ಬೇರೆಯವರ ವಶದಲ್ಲಿದ್ದವು. ಹಾಲು ಮತ್ತೆ ಏರತೊಡಗಿತು, ಅವಳ ತುಟಿ ತಾನಾಗಿಯೇ ಮುಂದೆ ಬಂತು.

"ಅಲಮೇಲು," ಎಂದ ಬದರಿನಾಥ ಮೆಲ್ಲಗೆ, "ನಮ್ಮನೆ ಒಲೆತಟ್ಟೆ ಹಳೇದಲ್ಲ ಕಣೆ."

"ಏನಂದ್ರಿ?"

"ನೀನು ಕೆಲಸಕ್ಕೆ ಹೋದಾಗ ಕಾಫಿಗೆ ಹಾಲಿಡ್ತೀನಲ್ಲ, ಉಕ್ಕಿಹೋಗುತ್ತೆ. ಆಗೆಲ್ಲ ಹೊಸದು ತಂದು ಹಾಕ್ತೀನಿ. ನಿನ್ನ ಅಂಗಡಿಯಿಂದಲ್ಲ, ಕೇಟಿ ಊರಿನ ಕಡೆ ಇನ್ನೊಂದು ಅಂಗಡಿ ಇದೆ."

ಅಲಮೇಲು ಬಾಯಿ ತೆರೆದವಳು ತೆರೆದಂತೆಯೇ ನಿಂತಳು. ಅಷ್ಟು ಅಗಲ ತೆರೆದ ಬಾಯಿಂದ ಯಾರೂ ಊದಲಾರರು. ಹಾಲು ಬೆಳ್ಳಗೆ ಗೋಪುರವಾಗಿ ಎದ್ದು, ಅಂಚು ದಾಟಿ, ಪಾತ್ರೆಯ ನಾಲ್ಕೂ ಕಡೆ ಇಳಿದು, ಕೆಂಪು ಕಾಯಿಲಿನ ಮೇಲೆ ಚುಂಯ್ಯೆಂದು, ಹೊಸ ತಟ್ಟೆಯೊಳಗೆ ಸುರಿಯಿತು.

"ಎಷ್ಟು ಸಲ?" ಎಂದಳು ಅಲಮೇಲು.

"ಎಣಿಸಿಲ್ಲ. ನೀನು ಎಲ್ಲರ ಹತ್ರ ಅಷ್ಟು ಖುಷಿಯಾಗಿ ಹೇಳ್ಕೊಳ್ತಿದ್ದೆ. ಕೆಡಿಸೋಕೆ ಮನಸ್ಸು ಬರಲಿಲ್ಲ."

ಅಲಮೇಲುವಿಗೆ ಮೊದಲು ಕೋಪ ಬಂತು, ಅದು ಗಂಟಲಿಗೆ ಬರುವಷ್ಟರಲ್ಲಿ ನಗುವಾಗಿತ್ತು. ಕೈ ಬಿಡಿಸಿಕೊಂಡು ಒಲೆ ಆರಿಸಿ, ಅಲ್ಲೇ ನೆಲದ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಸುಪ್ರಜಾ ಅವಳ ಹೆಗಲಿಗೆ ತಲೆಯಿಟ್ಟು ನಕ್ಕಳು. ಸೀದ ಹಾಲಿನ ಹೊಗೆಗೆ ಚಾವಣಿಯ ಅಲಾರಾಂ ಕಿರುಚತೊಡಗಿತು. ಬದರಿನಾಥ ಕುರ್ಚಿ ಹತ್ತಿ, ಯಾವುದೋ ದೇವರಿಗೆ ಚಾಮರ ಬೀಸುವ ಭಕ್ತಿಯಿಂದ ಅದರ ಕೆಳಗೆ ಟವೆಲು ಬೀಸಿದ.

ಬಾಗಿಲು ತಟ್ಟಿದ ಸದ್ದಾಯಿತು. ಎದುರುಮನೆಯ ಮುದುಕಿ. ಸುಪ್ರಜಾ ಮೂರು ವಾರದಲ್ಲಿ ಅವಳೊಂದಿಗೆ ಒಂದು ಮಾತೂ ಆಡಿರಲಿಲ್ಲ. ಏನಾಯಿತು, ಬೆಂಕಿಯೇ, ನೀನು ಯಾರು, ಇಲ್ಲಿ ಯಾರಿದ್ದಾರೆ ಎಂದು ಮುದುಕಿ ಗಾಬರಿಯಿಂದ ಇಂಗ್ಲಿಷಿನಲ್ಲಿ ಕೇಳಿದಳು. ಸುಪ್ರಜಾ ಕಣ್ಣೊರೆಸಿಕೊಂಡು ಬಾಗಿಲನ್ನು ಪೂರ್ತಿ ತೆರೆದಳು.

"ಏನೂ ಆಗಿಲ್ಲ, ಒಳಗೆ ಬನ್ನಿ," ಎಂದಳು ಇಂಗ್ಲಿಷಿನಲ್ಲೇ. "ಇದು ನನ್ನ ಮನೆ."