ಮಾತು ನಿಂತ ಮೇಲೆ ಕೇಳಿಸಿದ್ದು

ಸಿಟಿ ಬಸ್ಸಿನ ಆ ಕಂಡಕ್ಟರನಿಗೆ ಡಿಪೋದಲ್ಲಿ ‘ಕಹಳೆ’ ಎಂದೇ ಅಡ್ಡಹೆಸರು. ಹಿಂದಿನ ಬಾಗಿಲಲ್ಲಿ ನಿಂತು ಅವನು ‘ರೈಟ್’ ಎಂದರೆ ಅವನ ಡ್ರೈವರಷ್ಟೇ ಅಲ್ಲ, ಪಕ್ಕದಲ್ಲಿ ನಿಂತ ಲಾರಿಯವನೂ ಗೇರು ಹಾಕುತ್ತಿದ್ದ. ಬಾಗಿಲಿಗೆ ಜೋತುಬಿದ್ದವರನ್ನು ಒಳಗೆ ಸರಿಸಲು ಅವನು ಯಾರ ಮೈಮೇಲೂ ಕೈಯಿಟ್ಟವನಲ್ಲ. ಬಾಯೇ ಆ ಕೆಲಸ ಮಾಡುತ್ತಿತ್ತು. ಚಿಲ್ಲರೆ ಇಲ್ಲ ಎಂದವರಿಗೆ, ಸ್ಟಾಪು ಮರೆತವರಿಗೆ, ಸೀಟಿಗೆ ಜಗಳ ತೆಗೆದವರಿಗೆ, ಎಲ್ಲರಿಗೂ ಅವನ ಬಳಿ ಒಂದೊಂದು ಉತ್ತರ ಸಿದ್ಧವಾಗಿರುತ್ತಿತ್ತು. ಬಸ್ಸೆಲ್ಲ ಗೊಳ್ಳೆಂದು ನಗುತ್ತಿತ್ತು, ಉತ್ತರ ತಿಂದವರೊಬ್ಬರನ್ನು ಬಿಟ್ಟು.

ತೊಂದರೆಯೆಂದರೆ ಮನೆಗೆ ಬಂದ ಮೇಲೂ ಅವನ ದನಿ ಡ್ಯೂಟಿಯಿಂದ ಇಳಿಯುತ್ತಿರಲಿಲ್ಲ. ಉಪ್ಪು ಕೇಳಿದರೂ ಜಗಳಕ್ಕೆ ಕರೆದ ಹಾಗಿರುತ್ತಿತ್ತು. ಹೆಂಡತಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಳು. ಬಿಸಿಯಾರದ ಹಾಸಿಗೆ ಬಟ್ಟೆಗಳನ್ನು ದಿನವಿಡೀ ಮಡಚಿ ಮಡಚಿ ಅವಳ ಬೆರಳ ತುದಿಗಳು ನುಣುಪಾಗಿದ್ದವು. ಅವಳು ಮಿತಭಾಷಿ ಎಂದು ಬೀದಿಯವರು ತಿಳಿದಿದ್ದರು. ನಿಜವೇನೆಂದರೆ ಅವಳಿಗೆ ಮಾತಾಡಲು ಸಂದಿಯೇ ಸಿಗುತ್ತಿರಲಿಲ್ಲ.

ಅವರ ಮನೆಯ ಮಹಡಿಯಲ್ಲಿ ನಿವೃತ್ತ ಟೀಚರಮ್ಮ ಒಬ್ಬರೇ ಇದ್ದರು. ವಯಸ್ಸಿನ ಜೊತೆ ಅವರ ಕಣ್ಣಿನ ದೃಷ್ಟಿ ಪೂರ್ತಿ ಹೋಗಿತ್ತು. ಪ್ರತಿ ಭಾನುವಾರ ಅವರ ಕೈಹಿಡಿದು ಹಿಂದಿನ ಬೀದಿಯ ಚರ್ಚಿಗೆ ಕರೆದೊಯ್ಯುವುದು ಕಂಡಕ್ಟರನ ಹೆಂಡತಿಯ ಕೆಲಸ. ಮೊದಮೊದಲು ಬಾಗಿಲವರೆಗೆ ಬಿಟ್ಟು ಬರುತ್ತಿದ್ದಳು. ಆಮೇಲೆ ಒಳಗೆ ಕೂರತೊಡಗಿದಳು. ಬರಬರುತ್ತಾ ಭಾನುವಾರ ಬೆಳಿಗ್ಗೆ ಅವಳು ಟೀಚರಮ್ಮನಿಗಿಂತ ಮೊದಲೇ ಸಿದ್ಧಳಾಗಿ ನಿಂತಿರುತ್ತಿದ್ದಳು.

“ಏನೇ, ನಿಮ್ಮ ದೇವ್ರಿಗೆ ಕಿವಿ ಮಂದಾನಾ? ಅಷ್ಟು ಜನ ಸೇರ್ಕೊಂಡು ಕೂಗ್ಬೇಕಾ?” ಎಂದು ಅವನು ಬೀದಿಗೆಲ್ಲ ಕೇಳಿಸುವಂತೆ ಹಂಗಿಸುತ್ತಿದ್ದ.

ಒಮ್ಮೆ ಮಾತ್ರ ಅವಳು ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದಳು: “ನಿಮ್ಮ ಬಾಯಿ ಮುಂದೆ ನಮ್ದು ಪಿಸುಮಾತು ಕಣ್ರೀ.”

ಅಂಥವನ ಗಂಟಲು ಒಂದು ದಿನ ಕೈಕೊಟ್ಟಿತು. ಕೆಲಕಾಲದಿಂದ ದನಿ ಒಡೆಯುತ್ತಿತ್ತು. ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಿದ, ಗಂಟಲ ಮಾತ್ರೆ ಚೀಪಿದ, ಹವೆ ಸರಿಯಿಲ್ಲ ಎಂದು ಹವೆಗೇ ಬೈದ. ಆದರೆ ಅಂದು ಮಾರ್ಕೆಟ್ ಸ್ಟಾಪಿನಲ್ಲಿ ಬಸ್ಸು ಹೊರಟಾಗ ಮುದುಕರೊಬ್ಬರು ಮುಂದಿನ ಬಾಗಿಲಿಂದ ಇಳಿಯಲು ಕಾಲು ಚಾಚಿದ್ದು ಕಂಡಿತು. ‘ಹೋಲ್ಡಾನ್’ ಎಂದು ಕೂಗಲು ಬಾಯಿ ತೆರೆದ. ಗಾಳಿ ಬಂತು, ದನಿ ಬರಲಿಲ್ಲ. ಕೊರಳಲ್ಲಿದ್ದ ಸೀಟಿ ನೆನಪಾಗಿ ಊದಿದ. ಬಸ್ಸು ಗಕ್ಕನೆ ನಿಂತಿತು. ಮುದುಕರಿಗೆ ಏನೂ ಆಗಲಿಲ್ಲ, ನೆಮ್ಮದಿಯಾಗಿ ಇಳಿದು ಹೋದರು. ಕಂಡಕ್ಟರ್ ಮಾತ್ರ ಕಂಬ ಹಿಡಿದುಕೊಂಡು ಬೆವತು ನಿಂತಿದ್ದ.

ಗಂಟಲ ಡಾಕ್ಟರು ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. ಸ್ವರತಂತುವಿನ ಮೇಲೆ ಗಂಟು ಬೆಳೆದಿದೆ, ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದರು. “ಆಪರೇಷನ್ ಆದ್ಮೇಲೆ ನಾನು ಹೇಳೋವರೆಗೂ ಒಂದು ಮಾತೂ ಆಡೋಹಾಗಿಲ್ಲ. ಪಿಸುಮಾತೂ ಇಲ್ಲ. ಆಗುತ್ತಾ?”

“ಆಗುತ್ತೆ ಡಾಕ್ಟ್ರೇ,” ಎಂದು ಅವನು ಒಡಕು ದನಿಯಲ್ಲಿ ಹೇಳುವಷ್ಟರಲ್ಲಿ ಹೆಂಡತಿ ನಿಟ್ಟುಸಿರುಬಿಟ್ಟು, “ಇವ್ರ ಕೈಲಾಗುತ್ತಾ ದೇವ್ರೇ!” ಎಂದಳು. ಡಾಕ್ಟರು ನಕ್ಕರು. ಅವನಿಗೆ ನಗು ಬರಲಿಲ್ಲ. ಅವನ ಅಪ್ಪ ಹೋದದ್ದೂ ಗಂಟಲಿನ ಗಂಟಿನಿಂದಲೇ. ಕೊನೆಕೊನೆಗೆ ನೀರು ಬೇಕೆಂದು ಕೇಳಲೂ ಆಗದೆ ಅಪ್ಪ ಬೆರಳು ತೋರಿಸುತ್ತಿದ್ದುದು ಅವನ ಕಣ್ಣಿಗೆ ಕಟ್ಟಿತ್ತು.

ಆಪರೇಷನ್ ಮುಗಿಯಿತು. ಮನೆಗೆ ಮೌನ ಬಂತು. ಮೊದಲ ದಿನವೇ ಅವನು ಡ್ಯೂಟಿಯ ಸೀಟಿ ತಂದು ಕೊರಳಿಗೆ ಹಾಕಿಕೊಂಡ. ಒಂದು ಸಲ ಊದಿದರೆ ಟೀ, ಎರಡು ಸಲ ಊದಿದರೆ ಟಿವಿ ಹಾಕು. ಮಧ್ಯಾಹ್ನದ ಹೊತ್ತಿಗೆ ಹೆಂಡತಿ ಬಂದು ಸೀಟಿ ಬಿಚ್ಚಿಕೊಂಡಳು. “ಇದು ಮನೆ ರೀ, ಬಸ್ ಸ್ಟಾಪಲ್ಲ. ಬೇಕಾದ್ರೆ ಎದ್ದು ಬಂದು ತೋರ್ಸಿ.” ಅವನು ಕಣ್ಣು ಕೆಂಪಗೆ ಮಾಡಿದ. ಕೆಂಗಣ್ಣಿಗೆ ಶಬ್ದವಿಲ್ಲವಲ್ಲ, ಅವಳು ಸೊಪ್ಪು ಹಾಕಲಿಲ್ಲ.

ಬೀದಿಯವರು ಕುಶಲ ವಿಚಾರಿಸಲು ಬಂದರು. ಎಲ್ಲರೂ ಅಯ್ಯೋ ಪಾಪ ಎಂದರು. ಹೋಗುವಾಗ ಒಬ್ಬರು ಇನ್ನೊಬ್ಬರಿಗೆ, “ಬೀದಿ ಎಷ್ಟು ತಣ್ಣಗಿದೆ ಅಲ್ವಾ?” ಎಂದದ್ದು ಕಿಟಕಿಯಿಂದ ಅವನಿಗೆ ಕೇಳಿಸಿತು. ಮಾತಾಡದವನಿಗೆ ಏನೆಲ್ಲ ಕೇಳಿಸುತ್ತದೆ ಎಂದು ಅವನಿಗೆ ತಿಳಿದದ್ದೇ ಆಗ. ಹೊರಗೆ ಮಾತು ನಿಂತಷ್ಟೂ ಒಳಗೆ ಭಯದ ಗದ್ದಲ ಜೋರಾಯಿತು. ಪರೀಕ್ಷೆಯ ರಿಪೋರ್ಟ್ ಬಂದಿರಲಿಲ್ಲ. ಇನ್ನೊಮ್ಮೆ ನೋಡಬೇಕೆಂದು ಗಂಟಿನ ಚೂರನ್ನು ದೊಡ್ಡ ಲ್ಯಾಬಿಗೆ ಕಳಿಸಿದ್ದರಂತೆ. ‘ಇನ್ನೊಮ್ಮೆ’ ಎಂಬ ಮಾತನ್ನು ಅವನು ಹಲ್ಲಿನಲ್ಲಿ ಸಿಕ್ಕ ನಾರಿನಂತೆ ದಿನವೆಲ್ಲ ಕೆದಕುತ್ತಿದ್ದ.

ಆ ವಾರ ಹೆಂಡತಿಗೆ ಭಾನುವಾರದ ಡ್ಯೂಟಿ ಬಿತ್ತು. “ಟೀಚರಮ್ಮನ್ನ ನೀವೇ ಕರ್ಕೊಂಡು ಹೋಗ್ಬೇಕು,” ಎಂದಳು. ಅವನು ಎರಡೂ ಕೈಯಾಡಿಸಿ ಆಗಲ್ಲ ಎಂದ. ಅಷ್ಟರಲ್ಲಿ ಟೀಚರಮ್ಮ ಗೋಡೆ ಸವರಿಕೊಂಡು ಮೆಟ್ಟಿಲಿಳಿದು ಬಂದಾಗಿತ್ತು.

“ಎಲ್ಲಿದ್ದೀಯಾ ಕಂಡಕ್ಟರಪ್ಪ? ಕೈ ಕೊಡು. ಮೆಟ್ಟಿಲು ಬಂದ್ರೆ ಒಂದ್ಸಲ ಅದುಮು. ಗಾಡಿ ಬಂದ್ರೆ ಗಟ್ಟಿಯಾಗಿ ಹಿಡ್ಕೊ. ನಂಗೆ ಕಣ್ಣಿಲ್ಲ, ನಿಂಗೆ ಬಾಯಿಲ್ಲ. ಇಬ್ರೂ ಸೇರಿದ್ರೆ ಒಬ್ಬ ಪೂರ್ತಿ ಮನುಷ್ಯ ಆಗ್ತೀವಿ, ನಡಿ.”

ಚರ್ಚಿನ ಬಾಗಿಲಲ್ಲಿ ಬಿಟ್ಟು ಹೊರಗೆ ಮರದ ಕೆಳಗೆ ಕೂರುವುದು ಅವನ ಲೆಕ್ಕಾಚಾರ. ಟೀಚರಮ್ಮ ಕೈ ಬಿಡಲಿಲ್ಲ. “ಖಾಲಿ ಜಾಗ ಹುಡುಕೋರು ಯಾರು? ಸೀಟು ತೋರ್ಸೋದು ನಿನ್ನ ಕೆಲಸ ತಾನೆ?”

ಒಳಗೆ ಸುಣ್ಣ ಬಳಿದ ಗೋಡೆ, ಮರದ ಬೆಂಚು, ಸದ್ದು ಮಾಡುವ ಒಂದು ಫ್ಯಾನು. ಮುಂದೆ ಒಂದು ಸರಳವಾದ ಶಿಲುಬೆ. ಹಾಡು ಶುರುವಾಯಿತು. ಮೋಟರ್ ರಿಪೇರಿಯವನೊಬ್ಬ ತನ್ನದೇ ಶ್ರುತಿಯಲ್ಲಿ ಹಾಡುತ್ತಿದ್ದ. ಮಗು ಎತ್ತಿಕೊಂಡ ತಾಯಿ ಒಂದು ಸಾಲು ಹಾಡಿ ಒಂದು ಸಾಲು ಬಿಡುತ್ತಿದ್ದಳು. ಯಾರೂ ಯಾರಿಗೂ ಕೂಗುತ್ತಿರಲಿಲ್ಲ. ಅಷ್ಟು ದನಿಗಳು ಒಂದು ಕಡೆಗೇ ಹೋಗುತ್ತಿದ್ದವು. ಅವನು ಕೂತ ಬೆಂಚು ಆ ದನಿಗೆ ಸಣ್ಣಗೆ ಕಂಪಿಸುತ್ತಿತ್ತು. ಬಸ್ಸಿನ ಸೀಟೂ ಕಂಪಿಸುತ್ತದೆ, ಆದರೆ ಹೀಗಲ್ಲ.

ಆಮೇಲೆ ಬೈಬಲಿನ ವಾಕ್ಯ ಓದಿದರು. ಮಕ್ಕಳಿಲ್ಲದೆ ನೊಂದ ಒಬ್ಬ ಹೆಂಗಸಿನ ಕಥೆ. ಅವಳು ದೇವರ ಆಲಯಕ್ಕೆ ಬಂದು ಅತ್ತು ಪ್ರಾರ್ಥಿಸಿದಳು. ತುಟಿ ಅಲ್ಲಾಡಿತು, ದನಿ ಹೊರಡಲಿಲ್ಲ. ಅಲ್ಲಿದ್ದ ಯಾಜಕ ಅವಳು ಕುಡಿದು ಬಂದಿದ್ದಾಳೆಂದು ಗದರಿದ. ಆದರೆ ಯಾರಿಗೂ ಕೇಳಿಸದ ಆ ಮಾತು ದೇವರಿಗೆ ಕೇಳಿಸಿತ್ತು.

ಓದಿ ಮುಗಿಸಿದ ಪಾದ್ರಿಗಳು, “ನಾವು ಜೋರಾಗಿ ಹಾಡೋದು ದೇವ್ರಿಗೆ ಕೇಳಿಸ್ಲಿ ಅಂತಲ್ಲ, ನಮ್ಮ ಸಂತೋಷಕ್ಕೆ. ಆತನಿಗಾದ್ರೆ ನಿಮ್ಮ ತುಟಿ ಅಲ್ಲಾಡಿದ್ರೆ ಸಾಕು. ಅದೂ ಆಗದಿದ್ರೆ ನಿಟ್ಟುಸಿರೇ ಸಾಕು,” ಎಂದರು.

ಕಂಡಕ್ಟರ್ ಕತ್ತೆತ್ತಿ ನೋಡಿದ. ತನ್ನ ವಿಷಯ ಇವರಿಗೆ ಯಾರು ಹೇಳಿದರು ಎಂದು ಹೆಂಡತಿಯ ಮೇಲೆ ಅನುಮಾನವೂ ಬಂತು. ಪಾದ್ರಿಗಳು ಅವನ ಕಡೆ ನೋಡುತ್ತಲೇ ಇರಲಿಲ್ಲ. ಎಲ್ಲರೂ ತಲೆಬಾಗಿದಾಗ ಅವನೂ ಬಾಗಿದ. ಹುಟ್ಟಿದಂದಿನಿಂದ ದೇವರ ಮುಂದೆ ಬಾಯಿ ಬಿಟ್ಟವನಲ್ಲ. ಈಗ ಬಿಡೋಣವೆಂದರೆ ಬಾಯಿಗೆ ಬೀಗ. ತುಟಿ ಮಾತ್ರ ಅಲ್ಲಾಡಿಸಿದ. ‘ಭಯ ಆಗ್ತಿದೆ. ಅಪ್ಪನ ಹಾಗೆ ಸಾಯೋಕೆ ಭಯ ಆಗ್ತಿದೆ.’ ಇಷ್ಟು ದಿನ ಹೆಂಡತಿಗೂ ಸನ್ನೆಯಲ್ಲಿ ತೋರಿಸಲಾಗದ ಮಾತು ಅದು. ಹೇಳಿದ್ದೇ ತಡ, ಕಣ್ಣಲ್ಲಿ ನೀರು ಸುರಿಯಿತು. ಯಾರೋ ಬೆನ್ನ ಮೇಲಿನ ಗೋಣಿಚೀಲ ಇಳಿಸಿಕೊಂಡ ಹಾಗೆ ಮೈ ಹಗುರಾಯಿತು. ಟೀಚರಮ್ಮನ ಕೈ ಅವನ ತೋಳಿನ ಮೇಲೇ ಇತ್ತು.

ಮನೆಗೆ ಬಂದ ಹೆಂಡತಿ ಅವನ ಮುಖ ನೋಡಿ ಗಾಬರಿಯಾದಳು. “ಏನಾಯ್ತು? ರಿಪೋರ್ಟ್ ಬಂತಾ?” ಅವನು ಇಲ್ಲವೆಂದು ತಲೆಯಾಡಿಸಿ ನಕ್ಕ. ಎಷ್ಟೋ ದಿನಗಳ ಮೇಲೆ ಆ ಮಧ್ಯಾಹ್ನ ಗೊರಕೆ ಹೊಡೆದು ಮಲಗಿದ.

ಮುಂದಿನ ಭಾನುವಾರ ಅವಳಿಗೆ ರಜೆಯಿತ್ತು. ಆದರೂ ಅವನೇ ಮೊದಲು ಶರ್ಟು ಇಸ್ತ್ರಿ ಮಾಡಿಕೊಂಡು ನಿಂತಿದ್ದ. ಅವಳು ಏನೋ ಕೇಳಲು ಹೋಗಿ ಬಾಯಿ ಮುಚ್ಚಿಕೊಂಡಳು. ಕೇಳಿದರೆ ಎಲ್ಲಿ ಮನಸ್ಸು ಬದಲಾಯಿಸಿಯಾನೋ ಎಂದು. ಅಂದು ಯೇಸುವನ್ನು ಹಿಡಿದೊಯ್ದ ಭಾಗವನ್ನು ಓದಿದರು. ಸುಳ್ಳು ಆಪಾದನೆ ಹೊರಿಸಿದರು, ಉಗುಳಿದರು, ಹೊಡೆದರು. ಆತ ತಿರುಗಿ ಬಯ್ಯಲಿಲ್ಲ, ಬಾಯಿ ಬಿಡದೆ ನಿಂತಿದ್ದ. ತನ್ನನ್ನು ಉಳಿಸಿಕೊಳ್ಳಲು ಅಲ್ಲ, ಎದುರಿಗಿದ್ದವರನ್ನೇ ಉಳಿಸಲು. ಕಂಡಕ್ಟರನಿಗೆ ಇದನ್ನು ನುಂಗಲು ಹೊತ್ತು ಹಿಡಿಯಿತು. ತನ್ನದು ಡಾಕ್ಟರು ಹಾಕಿದ ಮೌನ. ಇದು ಬೇಕೆಂದೇ ಹೊತ್ತ ಮೌನ. ತಾನು ಬಸ್ಸಿನಲ್ಲಿ ಚುಚ್ಚಿ ನಗಿಸಿದ್ದ ಮುಖಗಳು ಒಂದೊಂದೇ ಎದುರು ಬಂದವು. ಬೇರೆಲ್ಲಕ್ಕಿಂತ ಮೊದಲು, ಪಕ್ಕದಲ್ಲೇ ಕೂತಿದ್ದ ಹೆಂಡತಿಯ ಮುಖ. ಎಂಥ ತಪ್ಪಿಗೂ ಕ್ಷಮೆಯುಂಟು, ಅದಕ್ಕಾಗಿಯೇ ಆತ ಶಿಲುಬೆ ಹೊತ್ತದ್ದು ಎಂದು ಪಾದ್ರಿಗಳು ಹೇಳಿದಾಗ ಅವನಿಗೆ ಅದು ಉಪದೇಶದಂತೆ ಕೇಳಿಸಲಿಲ್ಲ, ತನ್ನ ಹೆಸರಿಗೆ ಬಂದ ಬಿಡುಗಡೆಯಂತೆ ಕೇಳಿಸಿತು.

ಪರೀಕ್ಷೆಯ ರಿಪೋರ್ಟ್ ಒಂದು ಬೆಳಿಗ್ಗೆ ಬಂತು. ಡಾಕ್ಟರ ಕೋಣೆಯಲ್ಲಿ ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೂತಿದ್ದಳು. “ಕೆಟ್ಟ ಗಂಟಲ್ಲ. ಕಿರುಚಿ ಕಿರುಚಿ ಬೆಳೆಸ್ಕೊಂಡಿದ್ದು, ಅಷ್ಟೆ,” ಎಂದರು ಡಾಕ್ಟರು. ಅವಳು ಅಲ್ಲೇ ಮೇಜಿಗೆ ಹಣೆಯಿಟ್ಟು ಅತ್ತುಬಿಟ್ಟಳು.

“ಎಲ್ಲಿ, ಈಗ ಮೆಲ್ಲಗೆ ಏನಾದ್ರೂ ಮಾತಾಡಿ ನೋಡೋಣ.”

ಕಂಡಕ್ಟರ್ ಹೆಂಡತಿಯ ಕಡೆ ತಿರುಗಿದ. ಗಂಟಲು ಸರಿಮಾಡಿಕೊಂಡ. ಚೀಲದಿಂದ ಮರಳು ಉದುರಿದಂಥ ಸಣ್ಣ ದನಿ ಬಂತು: “ಊಟ ಆಯ್ತಾ?”

ಬೆಳಿಗ್ಗೆಯೇ ಊಟ ಕೇಳುತ್ತಾನಲ್ಲ ಎಂದು ಡಾಕ್ಟರು ನಕ್ಕರು. ಅವಳು ನಗಲಿಲ್ಲ. ಮದುವೆಯಾದಾಗಿನಿಂದ ಅವನು ‘ಊಟ ಹಾಕು’ ಎಂದವನೇ ಹೊರತು ‘ಊಟ ಆಯ್ತಾ’ ಎಂದವನಲ್ಲ. “ಇಲ್ಲಾರೀ,” ಎಂದಳು ಕಣ್ಣೊರೆಸಿಕೊಳ್ಳುತ್ತಾ, “ನಿನ್ನೆಯಿಂದ ತಿಂದಿಲ್ಲ.” ಇಬ್ಬರೂ ಆಸ್ಪತ್ರೆಯ ಕ್ಯಾಂಟೀನಿಗೆ ಹೋಗಿ ಎದುರುಬದುರು ಕೂತು ತಿಂದರು. ಅವಳೇ ಮಾತಾಡಿದಳು, ಲಾಂಡ್ರಿಯ ಮೆಷಿನ್ನು, ಮೇಲ್ವಿಚಾರಕಿ, ಸೊಂಟ ನೋವು, ಎಲ್ಲವನ್ನೂ. ಅವನು ತಟ್ಟೆ ಖಾಲಿಯಾದ ಮೇಲೂ ಏಳಲಿಲ್ಲ.

ದನಿ ಮೊದಲಿನಂತೆ ಆಗಲಿಲ್ಲ. ಕೂಗಬಾರದೆಂದು ಡಾಕ್ಟರು ಬರೆದುಕೊಟ್ಟದ್ದರಿಂದ ಅವನನ್ನು ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರಿಸಿದರು. ಯಾವ ಬಸ್ಸು, ಯಾವಾಗ, ಎಲ್ಲಿಂದ ಎಂದು ದಿನವಿಡೀ ಕೇಳುವವರಿಗೆ ಅವನು ಮುಂದೆ ಬಾಗಿ ಮೆತ್ತಗೆ ಹೇಳುತ್ತಾನೆ. ಹಳೆಯ ಚಟ ಪೂರ್ತಿ ಹೋಗಿದೆ ಎಂದಲ್ಲ. ನಾಲಿಗೆ ತುದಿಗೆ ಚುರುಕು ಉತ್ತರ ಬರುತ್ತದೆ. ಎಷ್ಟೋ ಸಲ ನುಂಗುತ್ತಾನೆ, ಕೆಲವು ಸಲ ಜಾರುತ್ತದೆ. ಜಾರಿದಾಗ ಕಿಟಕಿಯಿಂದ ತಲೆ ಹೊರಹಾಕಿ, “ಬೇಜಾರ್ ಮಾಡ್ಕೋಬೇಡಿ ಅಕ್ಕ,” ಎನ್ನುತ್ತಾನೆ.

ಅವನು ಚರ್ಚಿನಲ್ಲಿ ದೀಕ್ಷಾಸ್ನಾನ ತೆಗೆದುಕೊಳ್ಳುತ್ತಾನೆಂದು ತಿಳಿದು ಅಣ್ಣ ಬಂದು ದಬಾಯಿಸಿದ. “ಕಾಯಿಲೆ ಬಂತು ಅಂತ ಹೆದ್ರಿಕೊಂಡು ದೇವ್ರ ಕಾಲಿಗೆ ಬಿದ್ದಿದ್ದೀಯ. ಹೆದ್ರಿಕೆ ಹೋದ್ರೆ ಎಲ್ಲ ಹೋಗುತ್ತೆ.”

“ಹೆದ್ರಿಕೊಂಡೇ ಹೋದೆ ಕಣಣ್ಣ, ಸುಳ್ಳು ಹೇಳಲ್ಲ,” ಎಂದ ತಮ್ಮ. “ಹೆದ್ರಿಕೆ ಹೋಯ್ತು. ಆದ್ರೂ ಭಾನುವಾರ ಯಾವಾಗ ಬರುತ್ತೆ ಅಂತ ಕಾಯ್ತೀನಲ್ಲ, ಅದಕ್ಕೇನ್ ಹೇಳ್ತೀಯ?”

ಅಣ್ಣನಿಗೆ ಉತ್ತರಕ್ಕಿಂತ ತಮ್ಮ ಅದನ್ನು ಹೇಳಿದ ರೀತಿ ವಿಚಿತ್ರವೆನಿಸಿತು. ಇಷ್ಟು ವರ್ಷ ಅವರಿಬ್ಬರ ನಡುವೆ ಯಾವ ಮಾತೂ ಕಿರುಚಾಟವಿಲ್ಲದೆ ಮುಗಿದದ್ದಿರಲಿಲ್ಲ. ಟೀ ಕುಡಿದು ಎದ್ದ. ದೀಕ್ಷಾಸ್ನಾನದ ದಿನ ಕರೆಯದೆಯೇ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದ. ನೀರಿನಿಂದ ಎದ್ದ ತಮ್ಮ ತೊಪ್ಪೆಯಾಗಿ, ಮಗುವಿನಂತೆ ನಗುತ್ತಾ ನಿಂತದ್ದನ್ನು ನೋಡಿ ಅವನೇ ಟವೆಲು ಕೊಟ್ಟ.

ಈಗ ಸಂಜೆ ಡ್ಯೂಟಿ ಮುಗಿಸಿ ಬಂದ ಮೇಲೆ ಅವನು ಮಹಡಿ ಹತ್ತಿ ಟೀಚರಮ್ಮನಿಗೆ ವಾಕ್ಯ ಓದಿ ಹೇಳುತ್ತಾನೆ. ಮೊದಲ ದಿನ ಅಭ್ಯಾಸಬಲದಿಂದ ಸ್ಟಾಪುಗಳ ಹೆಸರು ಹೇಳಿದಂತೆ ಗಡಗಡ ಓದಿದ.

“ನಿಲ್ಸಪ್ಪಾ!” ಎಂದರು ಟೀಚರಮ್ಮ. “ಎಲ್ಲಿಗೆ ಅವಸರ? ಯಾರೂ ಇಳಿಯೋರಿಲ್ಲ ಇಲ್ಲಿ. ಮತ್ತೆ ಮೊದಲಿಂದ ಓದು.”

ಅವನು ನಗುತ್ತಾ ಬೆರಳಿಟ್ಟು ಮತ್ತೆ ಮೊದಲಿಂದ, ಒಂದೊಂದೇ ಪದ ಓದಿದ. ಅರ್ಥವಾಗದಲ್ಲಿ ನಿಂತು ಕೇಳಿದ. ಕೆಳಗೆ ಬಾಗಿಲ ಚಿಲಕ ಸದ್ದಾಯಿತು. ಲಾಂಡ್ರಿಯಿಂದ ಬಂದ ಹೆಂಡತಿ ಕೈಕಾಲು ತೊಳೆದು ಮಹಡಿ ಹತ್ತಿ, ಹೊಸ್ತಿಲಲ್ಲೇ ಕಾಲು ಚಾಚಿ ಕೂತಳು.

“ನಿಲ್ಸಬೇಡಿ ರೀ,” ಎಂದಳು. “ಓದಿ. ಕೇಳೋಕೆ ಹಿತವಾಗಿದೆ.”