ಹಾಜರಿ ಪುಸ್ತಕದ ಏಳನೆಯ ಸಹಿ

೨೦೨೩ರ ಜನವರಿ ೨೦, ಶುಕ್ರವಾರ. ಆಧಾರ: ನನ್ನ ದಿನಚರಿ, ವಾರವನ್ನು ಹಳೆಯ ಕ್ಯಾಲೆಂಡರಿನೊಡನೆ ತಾಳೆ ನೋಡಿದ್ದೇನೆ. ಅಂದು ಸಂಜೆ ಇಲ್ಲಿ ದೋಹಾದ ಅಲ್ ಮನ್ಸೂರಾದ ಹೋಟೆಲೊಂದರ ಮಹಡಿಯಲ್ಲಿ, ನಮ್ಮ ಕನ್ನಡ ಸಂಘದ ಅಧ್ಯಕ್ಷ ಚುನಾವಣೆಯ ಪ್ರಚಾರಸಭೆಯಲ್ಲಿ, ಜೆಸಿಂತಾ ಅವರೇ, ನಿಮ್ಮ ಪರವಾದ ಸತ್ಯವನ್ನು ಕೈಚೀಲದಲ್ಲಿ ಇಟ್ಟುಕೊಂಡೇ ನಾನು ಮುಚ್ಚಿಟ್ಟೆ.

ನೀವು ಸಂಘದ ಸ್ಥಾಪನಾ ಸಭೆಯಲ್ಲಿದ್ದಿರೋ ಇಲ್ಲವೋ ಎಂಬುದೇ ಅಂದಿನ ವಿವಾದ. ನಿಮ್ಮ ಎದುರಾಳಿ ಸದಾನಂದರು, ನಜ್ಮಾ ಬಡಾವಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟವರು, ಮೈಕು ಹಿಡಿದು ನಕ್ಕರು: "ಜೆಸಿಂತಾ ಬಾಯಿ ಆಗ ಉಡುಪಿಯಲ್ಲೇ ಇದ್ದದ್ದು ಮಾರಾಯ್ರೆ. ದೋಹಾ ಯಾವ ದಿಕ್ಕಿಗೆ ಅಂತ ಗೊತ್ತಿತ್ತೋ ಇಲ್ವೋ." ಸಭೆಯೂ ನಕ್ಕಿತು. ನೀವು ನನ್ನತ್ತ ತಿರುಗಿದಿರಿ. "ಸರ್, ಹಳೇ ಪುಸ್ತಕ ನಿಮ್ಮ ಹತ್ರವೇ ಉಂಟಲ್ಲ. ನೀವೇ ಹೇಳಿ."

ಸ್ಥಾಪನಾ ಸಭೆಯ ಹಾಜರಿ ಪುಸ್ತಕ ನನ್ನ ಮಡಿಲಲ್ಲಿದ್ದ ಕೈಚೀಲದಲ್ಲೇ ಇತ್ತು. ಮೂರು ದಿನಗಳ ಹಿಂದೆಯೇ ಅದರಲ್ಲಿ ನಿಮ್ಮ ಹೆಸರನ್ನು ಕಂಡಿದ್ದೆ — ಏಳನೆಯ ಸಹಿ, ನೀಲಿ ಶಾಯಿ. ಆದರೂ ನಾನು ಎದ್ದು ನಿಂತು ಹೇಳಿದ್ದು ಇಷ್ಟೇ: "ಇನ್ನೊಂದು ಆಧಾರ ದೊರೆಯುವವರೆಗೆ ಖಚಿತವಾಗಿ ಹೇಳಲಾಗದು."

"ಖಲಾಸ್," ಎಂದರು ಸದಾನಂದರು. "ಪ್ರೊಫೆಸರೇ ಹೇಳಿ ಆಯ್ತಲ್ಲ."

ಒಂದೇ ದಾಖಲೆಯನ್ನು ನಂಬಬಾರದೆಂಬುದು ವೃತ್ತಿಯುದ್ದಕ್ಕೂ ನಾನು ಪಾಲಿಸಿದ ನಿಯಮ. ಇಲ್ಲಿನ ಸಂಶೋಧನಾ ಕೇಂದ್ರವೊಂದರಿಂದ ನಿವೃತ್ತನಾದ ಮೇಲೂ ಅದನ್ನು ಬಿಟ್ಟಿಲ್ಲ. ಆದರೆ ಅಂದು ನಾನು ಆ ನಿಯಮವನ್ನು ಪಾಲಿಸಲಿಲ್ಲ — ಅದರ ಹಿಂದೆ ಅಡಗಿಕೊಂಡೆ. ನಿಜವಾದ ಕಾರಣ ಇಷ್ಟು ಸಣ್ಣದು. ಯಾರಿಗೆ ಮತ ಎಂದು ನಾನಿನ್ನೂ ನಿರ್ಧರಿಸಿರಲಿಲ್ಲ. ನಿರ್ಧರಿಸದವನ ಮನೆಗೆ ಜನ ಬರುತ್ತಾರೆ. ಆ ತಿಂಗಳು ಸದಾನಂದರು ಎರಡು ಸಲ ಬನ್ಸ್ ತಂದರು. ನೀವು ಮುಶೈರಿಬ್‌ನ ಕಚೇರಿ ಮುಗಿಸಿ ಬಂದು, ಮಕ್ಕಳಿಗೆ ಶುಕ್ರವಾರದ ಕನ್ನಡ ತರಗತಿ ತೆರೆಯುವ ಯೋಜನೆಯನ್ನು ನನ್ನ ಮುಂದೆ ಹರಡಿ ಅಭಿಪ್ರಾಯ ಕೇಳಿದಿರಿ. ನಿವೃತ್ತಿಯ ನಂತರ ಯಾರೂ ನನ್ನ ಅಭಿಪ್ರಾಯವನ್ನು ಅಷ್ಟು ಶ್ರದ್ಧೆಯಿಂದ ಕೇಳಿರಲಿಲ್ಲ. ಆ ಏಳನೆಯ ಸಹಿಯನ್ನು ತೋರಿಸಿದ್ದರೆ ನಾನು ನಿಮ್ಮ ಪಕ್ಷದವನಾಗಿಬಿಡುತ್ತಿದ್ದೆ. ಇನ್ನೂ ಒಂದು ವಾರ ಇಬ್ಬರಿಗೂ ಬೇಕಾದವನಾಗಿರುವ ಆಸೆ —

ಮರುವಾರ ನೀವು ಸೋತಿರಿ. ಸುಳ್ಳು ಹೇಳಿದವರೆಂಬ ಹೆಸರು ಹೊತ್ತು ಸೋತಿರಿ. ಅದೇ ನನ್ನ ತಪ್ಪು. ಸೋಲಿಗೆ ಬೇರೆ ಕಾರಣಗಳಿದ್ದಿರಬಹುದು, ಆ ಹೆಸರಿಗೆ ನಾನೊಬ್ಬನೇ ಕಾರಣ.

ಆಮೇಲಿನ ದಿನಗಳು ಒಳ್ಳೆಯವೇ ಆದವು ಎಂಬುದನ್ನೂ ಬರೆಯಬೇಕು. ಸದಾನಂದರು ಕೆಟ್ಟ ಅಧ್ಯಕ್ಷರಾಗಲಿಲ್ಲ. ನೀವು ಪದವಿಗೆ ಕಾಯದೆ ನಿಮ್ಮ ಮನೆಯ ಊಟದ ಮೇಜಿನ ಸುತ್ತಲೇ ತರಗತಿ ತೆರೆದಿರಿ. ನನ್ನ ಮೊಮ್ಮಗಳು ಅಲ್ಲಿಯೇ ಅಕ್ಷರ ಕಲಿತಳು. ಕಳೆದ ಶುಕ್ರವಾರ ಹೋಟೆಲಿನ ಬೋರ್ಡು ಓದಿ, "ಅಜ್ಜ, ನೀರು ದೋಸೆ ಸ್ಪೆಲ್ಲಿಂಗ್ ಸರಿ ಇದೆ, ಯಲ್ಲಾ, ಒಳಗೆ ಹೋಗೋಣ" ಎಂದು ಇಲ್ಲಿನ ಅರಬಿಯನ್ನೂ ಬೆರೆಸಿ ಅವಸರಪಡಿಸಿದಳು. ಸುಖವಾಗಿದ್ದೇನೆ. ಆ ಸುಖ ನೀವು ಕೊಟ್ಟದ್ದೆಂಬುದೇ ಈ ಬರಹವನ್ನು ಬರೆಸುತ್ತಿದೆ.

ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಆ ಹಾಜರಿ ಪುಟವನ್ನು ಗಟ್ಟಿಯಾಗಿ ಓದುತ್ತೇನೆ, ಏಕೆ ಮುಚ್ಚಿಟ್ಟೆನೆಂಬುದನ್ನೂ ಸೇರಿಸಿ. ನೀವು ಕ್ಷಮಿಸಬೇಕೆಂದು ಕೇಳುವುದಿಲ್ಲ.

ಇಲ್ಲಿಗೆ ಮುಗಿಸುವವನಿದ್ದೆ. ಇಷ್ಟು ವರ್ಷ ನನಗೊಂದು ಸಮಾಧಾನವಿತ್ತು: ಬಾಯಿ ಬಿಡದಿದ್ದರೂ ಜನವರಿ ೨೭ರಂದು ಮತವನ್ನಾದರೂ ನಿಮಗೇ ಹಾಕಿದೆನೆಂಬುದು. ಮತಚೀಟಿಯನ್ನು ನಾಲ್ಕಾಗಿ ಮಡಚಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅದನ್ನೂ ಇಲ್ಲಿ ಬರೆಯುವ ಮುನ್ನ, ಅಭ್ಯಾಸದಂತೆ, ಸಂಘದ ಹಳೆಯ ಕಡತಗಳೊಡನೆ ನನ್ನ ಬಳಿಯೇ ಇರುವ ಆ ಚುನಾವಣೆಯ ಮತದಾರರ ಪಟ್ಟಿಯನ್ನು ತೆರೆದು ನೋಡಿದೆ. ಮತಚೀಟಿ ಪಡೆದವರೆಲ್ಲ ತಮ್ಮ ಹೆಸರಿನ ಮುಂದೆ ಸಹಿ ಹಾಕಿದ್ದಾರೆ. ನನ್ನ ಹೆಸರಿನ ಮುಂದೆ ಸಹಿಯಿಲ್ಲ.

ಎರಡನೆಯ ಆಧಾರಕ್ಕಾಗಿ ದಿನಚರಿಯ ಅದೇ ದಿನದ ಪುಟ ತಿರುವಿದೆ. ನನ್ನದೇ ಕೈಬರಹ: "ಮತದಾನಕ್ಕೆ ಹೋದೆ. ಎರಡೂ ಕಡೆಯವರು ಚಹಾ ಕೊಟ್ಟರು. ಇನ್ನೂ ನಿರ್ಧಾರವಾಗಿಲ್ಲ, ಮನೆಗೆ ಬಂದೆ."