ನನ್ನ ಪಾಲಿನ ಐದು ಫೋಟೊ

ವಡೋದರದ ಕಮಾಟಿಬಾಗ್ ಉದ್ಯಾನದ ಹುಲ್ಲಿನ ಮೇಲೆ ಅಂಗಾತ ಮಲಗಿ, ಬೇವಿನ ಕೊಂಬೆಗಳ ನಡುವಿನ ಬೆಳಕಿಗೆ ಕ್ಯಾಮೆರಾ ಹಿಡಿದು ಹೊಂಚು ಹಾಕುತ್ತಿದ್ದೆ. ವಾಕಿಂಗ್ ಬಂದಿದ್ದ ಗುಜರಾತಿ ಅಜ್ಜಿಯೊಬ್ಬರು, ತಲೆ ತಿರುಗಿ ಬಿದ್ದವನೆಂದುಕೊಂಡು, ನನ್ನ ಮುಖಕ್ಕೆ ಅರ್ಧ ಬಾಟಲಿ ನೀರು ಸುರಿದರು. ಹತ್ತು ಜನ ಸೇರಿದರು. ಪುಣ್ಯಾತ್ಮನೊಬ್ಬ ತನ್ನ ಚಪ್ಪಲಿ ಮೂಸಿಸಲು ಬಗ್ಗುವಷ್ಟರಲ್ಲಿ ನಾನು ಎದ್ದು ಕುಳಿತೆ. ಗುಂಪಿನೊಳಗೆ ನುಗ್ಗಿಬಂದ ಚನ್ನಬಸಪ್ಪನವರು ನನ್ನ ಒದ್ದೆ ಅಂಗಿಯತ್ತ ನೋಡಲೂ ಇಲ್ಲ.

"ಬಟನ್ ಒತ್ತಿದ್ರೋ ಇಲ್ಲೋ ಸಾಹೇಬ್ರ?"

ಒತ್ತಿರಲಿಲ್ಲ. ಅವರ ಮುಖ ಇಳಿದುಹೋಯಿತು.

ಅದು ೨೦೦೩. ಗದಗ ಕಡೆಯ ಚನ್ನಬಸಪ್ಪನವರು ಮಕರಪುರದ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ತಾಮ್ರದ ತಂತಿಯ ಕಾಯಿಲ್ ಸುತ್ತುತ್ತಿದ್ದರು. ನಾನು ಮೈಸೂರಿನಿಂದ ವರ್ಗವಾಗಿ ಬಂದ ಬ್ಯಾಂಕಿನವನು. ವಿಂಧ್ಯಾ, ವಿಮಾ ಕಚೇರಿಯೊಂದಕ್ಕೆ ಹೊಸದಾಗಿ ಸೇರಿದ ಹುಡುಗಿ. ಫೋಟೊ ಹುಚ್ಚಿನ ನಮ್ಮ ಮೂವರಿಗೂ ಇದ್ದದ್ದು ಚನ್ನಬಸಪ್ಪನವರದೊಂದೇ ಕ್ಯಾಮೆರಾ. ರೋಲಿಗೆ ಮೂವತ್ತಾರು ಫೋಟೊ, ತಲೆಗೆ ಹನ್ನೆರಡು. ಮೂವರದೂ ಮುಗಿಯದೆ ರೋಲು ತೆಗೆಯಬಾರದು, ಒಬ್ಬರ ಪಾಲನ್ನು ಇನ್ನೊಬ್ಬರು ಮುಟ್ಟಬಾರದು. ಕಾನೂನು ಮಾಡಿದವರೂ ಅವರೇ.

ಪಾಠ ಹೇಳುವುದೂ ಅವರೇ. ಲೆನ್ಸಿನ ಕಿಂಡಿಯ ನಂಬರು ಹೆಚ್ಚಾದಷ್ಟೂ ಕಿಂಡಿ ಯಾಕೆ ಸಣ್ಣದಾಗುತ್ತದೆ ಎಂದು ನಾನು ತಿಂಗಳುಗಟ್ಟಲೆ ಒದ್ದಾಡಿದ್ದೆ. ಅವರು ಜೇಬಿನಿಂದ ಎರಡು ತುಂಡು ತಂತಿ ತೆಗೆದು ತೋರಿಸಿದರು. ತಂತಿಯ ದಪ್ಪ ಅಳೆಯುವ ಗೇಜೂ ಹಾಗೆಯೇ, ನಂಬರು ದೊಡ್ಡದಾದರೆ ತಂತಿ ಸಣ್ಣದು. ಬ್ಯಾಂಕಿನಲ್ಲಿ ಮಾತ್ರ ನಂಬರು ದೊಡ್ಡದಾದರೆ ದುಡ್ಡೂ ದೊಡ್ಡದು.

ಈ ಸಲ ಅವರ ಹನ್ನೆರಡನೆಯ ಫೋಟೊ, ಅವರು ಇಷ್ಟು ವರ್ಷ ಓಡಿಸಿದ ಮಿಷಿನ್ನಿನದು. ಕಾರ್ಖಾನೆಗೆ ಕಂಪ್ಯೂಟರಿನ ಮಿಷಿನ್ನು ಬಂದಿತ್ತು. ಹಳೆಯದರ ಕೊನೆಯ ದಿನ ಮ್ಯಾನೇಜರು, ಒಂದೇ ಒಂದು ಫೋಟೊ ತೆಗೆದುಕೊಳ್ಳಿ ಎಂದು ಕ್ಯಾಮೆರಾ ಒಳಗೆ ಬಿಟ್ಟಿದ್ದರು. ಮರುದಿನ ಬೆಳಿಗ್ಗೆ ಗುಜರಿ ಲಾರಿ ಬಂದು ಮಿಷಿನ್ನನ್ನು ಒಯ್ದಿತ್ತು. ಫೋಟೊ ಬಂದಿದೆಯೋ ಇಲ್ಲವೋ, ಕ್ಯಾಮೆರಾದ ಹೊಟ್ಟೆಯೊಳಗಿತ್ತು. ವಿಂಧ್ಯಾ ಒಂದೇ ಬೆಳಿಗ್ಗೆ ಹನ್ನೆರಡು ಪಾರಿವಾಳದ ಫೋಟೊ ಹೊಡೆದು ಮುಗಿಸಿದ್ದಳು. ಕಲಾವಿದನಾದ ನನ್ನವು ಮಾತ್ರ ಐದು ಉಳಿದಿದ್ದವು, ಮೂರು ವಾರದಿಂದ.

ಆ ಮೂರು ವಾರ ಅವರು ಎಲ್ಲಿಯೂ ಕೂತದ್ದನ್ನು ನಾನು ಕಾಣೆ. ಬ್ಯಾಂಕಿಗೆ ದಿನಕ್ಕೆರಡು ಫೋನು. ಮನೆಗೆ ಬಂದರೆ ಕಾಫಿ ನಿಂತೇ ಕುಡಿದು, ಬಾಗಿಲಿಗೂ ಕಿಟಕಿಗೂ ಓಡಾಡುತ್ತ, ಬೆರಳನ್ನು ಗಾಳಿಯಲ್ಲಿ ಗಿರಗಿರ ಸುತ್ತುತ್ತಿದ್ದರು. ಒಳ್ಳೆಯ ಬೆಳಕಿಗೆ ಕಾಯಬೇಕೆಂದು ಅವರೇ ಕಲಿಸಿದ್ದರಿಂದ ನನ್ನನ್ನು ಬೈಯುವಂತೆಯೂ ಇರಲಿಲ್ಲ. ನನ್ನ ಹೆಂಡತಿ ನಾಗವೇಣಿಗೆ ನೋಡಲಾಗಲಿಲ್ಲ.

"ಆ ಮನುಷ್ಯನ ಸಂಕಟ ಕಾಣಲ್ವೇನ್ರೀ ನಿಮಗೆ? ನಮ್ಮ ಕುಕ್ಕರನ್ನೇ ಐದು ಸಲ ತೆಗೆದು ಮುಗಿಸಿ ಅತ್ಲಾಗೆ."

ಆ ದಿನ ಉದ್ಯಾನದಲ್ಲಿ, ಚನ್ನಬಸಪ್ಪನವರು ಒದ್ದೆ ಕ್ಯಾಮೆರಾವನ್ನು ತಮ್ಮ ಅಂಗಿಯ ತುದಿಯಿಂದ ಒರೆಸುವುದನ್ನು ನೋಡಿದ ಮೇಲೆ ನನ್ನ ಕಲೆ ಸೋತಿತು. ಬಾಟಲಿ ಹಿಡಿದ ಅಜ್ಜಿಯನ್ನು ಎರಡು ಸಲ, ಚಪ್ಪಲಿಯವನನ್ನು ಮೂರು ಸಲ ಕ್ಲಿಕ್ಕಿಸಿ ಮುಗಿಸಿದೆ. ಅಲ್ಲಿಂದ ನೇರ ಸ್ಟುಡಿಯೋಗೆ. ರೋಲು ತೊಳೆಯಲು ಎರಡು ಗಂಟೆ ಬೇಕೆಂದರು ಸ್ಟುಡಿಯೋದವರು. ವಿಂಧ್ಯಾ ಬಂದು, ಊರಿನ ಖಾರದ ತಿಂಡಿ ಸೇವ್ ಉಸಳ್ ಕೊಡಿಸಿದಳು. ಚನ್ನಬಸಪ್ಪನವರು ತಟ್ಟೆ ಹಿಡಿದುಕೊಂಡೇ ಫುಟ್‌ಪಾತನ್ನು ಅಳೆದರು.

ಲಕೋಟೆ ಬಂದಿತು. ಮಿಷಿನ್ನು ಇತ್ತು, ಆದರೆ ಹೊಗೆಯ ಹಾಗೆ. ಗೋಡೆ, ಕಿಟಕಿ ಎಲ್ಲವೂ ಅಲುಗಿದ್ದವು. ಶೆಡ್ಡಿನಲ್ಲಿ ಬೆಳಕು ಕಡಿಮೆ, ಕಿಂಡಿ ಅರ್ಧ ಸೆಕೆಂಡು ತೆರೆದಿರಬೇಕಾಗಿತ್ತು, ಕ್ಯಾಮೆರಾವನ್ನು ಸ್ಟೂಲಿನ ಮೇಲಿಟ್ಟಿದ್ದೆ ಎಂದರು ಚನ್ನಬಸಪ್ಪನವರು. ಓಡುತ್ತಿದ್ದ ಮಿಷಿನ್ನಿಗೆ ನೆಲವೇ ಅದುರುತ್ತಿತ್ತಂತೆ. ಅವರು ಫೋಟೊವನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. ವಿಂಧ್ಯಾ ರಸ್ತೆಯ ಕಡೆ ತಿರುಗಿಕೊಂಡಳು. ಸುಮ್ಮನಿರುವುದು ನನಗೆ ಬಾರದ ವಿದ್ಯೆ.

"ಅರ್ಧ ಸೆಕೆಂಡು ಮಿಷಿನ್ ನಿಲ್ಲಿಸಬಹುದಿತ್ತಲ್ಲ ಚನ್ನಬಸಪ್ಪನವರೇ? ಹೇಗಿದ್ದರೂ ಮಾರನೇ ದಿನ ಗುಜರಿಗೆ ಹೋಗೋದಲ್ವಾ?"

ಅವರು ಫೋಟೊವನ್ನು ಅಂಗಿಯ ಜೇಬಿಗಿಟ್ಟು ಗುಂಡಿ ಹಾಕಿಕೊಂಡರು.

"ಕಾಯಿಲ್ ಅರ್ಧಕ್ಕ ಬಂದಿತ್ರೀ," ಎಂದರು. "ನಡುವ ನಿಲ್ಲಿಸಿದ್ರ ಸುತ್ತು ಸಡ್ಲ ಬೀಳ್ತಾವು."